ಫ್ರೆಂಚ್ ಭಾಷೆಯ ಭೂತಕಾಲ: ಎರಡು ಸಹಾಯಕ ಕ್ರಿಯಾಪದಗಳು ಮತ್ತು ನಮ್ಮ ಮನೆಮಾತು

ಪುಣೆಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿ ಅಥವಾ ಜೂನಿಯರ್ ಕಾಲೇಜಿನಲ್ಲಿ ಫ್ರೆಂಚ್ ಭಾಷೆಯನ್ನು ಆರಿಸಿಕೊಳ್ಳುತ್ತಾರೆ. ಇನ್ನು ಕೆಲವರು ಅಲಿಯಾನ್ಸ್ ಫ್ರಾಂಸೇಜ್ ಸಂಸ್ಥೆಯಲ್ಲಿಯೋ, ಫರ್ಗ್ಯುಸನ್ ಕಾಲೇಜು ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿನಲ್ಲಿರುವ ವಿಶ್ವವಿದ್ಯಾಲಯದ ವಿದೇಶೀ ಭಾಷಾ ವಿಭಾಗದಲ್ಲಿಯೋ ಅದನ್ನು ಕಲಿಯುತ್ತಾರೆ. ಮೊದಲ ಕೆಲವು ತಿಂಗಳು ಪಾಠ ಸುಗಮವಾಗಿ ಸಾಗುತ್ತದೆ. ಭೂತಕಾಲದ ಪಾಠ ಬಂದೊಡನೆ ತೊಡಕು ಆರಂಭವಾಗುತ್ತದೆ. ಒಂದು ಕ್ರಿಯಾಪದದ ಬದಲು ಎರಡು ಬರುತ್ತವೆ. ಅವುಗಳಲ್ಲಿ ಮೊದಲನೆಯದು ಯಾವುದಾಗಬೇಕೆಂಬ ಪ್ರಶ್ನೆ ಏಳುತ್ತದೆ. ಎರಡನೆಯದರ ಕೊನೆಯಲ್ಲಿ ಕೇಳಿಸದ ಅಕ್ಷರಗಳು ಸೇರಿಕೊಳ್ಳುತ್ತವೆ.

ಇಂತಹ ಸಂದರ್ಭದಲ್ಲಿ "ನಮಗೆ ಫ್ರೆಂಚ್ ಬಾರದು, ನಾವೇನು ಹೇಳಿಕೊಡಬಲ್ಲೆವು?" ಎಂದು ಹೆತ್ತವರು ಹಿಂದೆ ಸರಿಯುವುದು ಸಾಮಾನ್ಯ. ಮಗುವಾದರೋ ಎಲ್ಲವನ್ನೂ ಇಂಗ್ಲಿಷಿನ ಮೂಲಕವೇ ಅರ್ಥಮಾಡಿಕೊಳ್ಳಲು ಯತ್ನಿಸುತ್ತದೆ. ವಾಸ್ತವವಾಗಿ ಈ ಪಾಠದಲ್ಲಿ ಇಂಗ್ಲಿಷ್ ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುತ್ತದೆ. ಉಳಿದರ್ಧ ದಾರಿಗೆ ಬೇಕಾದ ತಿಳಿವಳಿಕೆ ಮನೆಯಲ್ಲಿ ಆಡುವ ಕನ್ನಡದಲ್ಲಿಯೂ ಬೀದಿಯಲ್ಲಿ ಕೇಳುವ ಮರಾಠಿಯಲ್ಲಿಯೂ ಇದೆ. ಅದನ್ನು ಕ್ರಮವಾಗಿ ತೋರಿಸುವುದು ಈ ಲೇಖನದ ಉದ್ದೇಶ.

ಫ್ರೆಂಚ್ ಉದಾಹರಣೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿಯೇ ಕೊಡಲಾಗಿದೆ. 'ಝ' ಎಂಬುದನ್ನು ಇಂಗ್ಲಿಷಿನ 'ಮೆಷರ್', 'ಪ್ಲೆಷರ್' ಪದಗಳ ನಡುವಿನ ಧ್ವನಿಯಂತೆ, 'ಜ' ಎಂಬುದನ್ನು 'ಜೀಬ್ರಾ' ಪದದ ಮೊದಲ ಧ್ವನಿಯಂತೆ, ಅನುಸ್ವಾರವನ್ನು ಮೂಗಿನಿಂದ ಹೊರಡುವ ಸ್ವರವೆಂದು ಓದಿಕೊಳ್ಳಬೇಕು. ಸರಿಯಾದ ಉಚ್ಚಾರಣೆಯನ್ನು ಶಿಕ್ಷಕರಿಂದಲೇ ಕೇಳಿ ಕಲಿಯುವುದು ಒಳಿತು.

ರಚನೆಯ ಸ್ವರೂಪ

ಫ್ರೆಂಚ್ ಆಡುಮಾತಿನ ಮುಖ್ಯ ಭೂತಕಾಲಕ್ಕೆ 'ಪಾಸೆ ಕೊಂಪೋಜೆ' ಎಂದು ಹೆಸರು. 'ಸಂಯುಕ್ತ ಭೂತಕಾಲ' ಎಂಬುದು ಇದರ ಅರ್ಥ. ಇದರಲ್ಲಿ ಎರಡು ಭಾಗಗಳಿವೆ. ಮೊದಲನೆಯದು ವರ್ತಮಾನಕಾಲದಲ್ಲಿರುವ ಸಹಾಯಕ ಕ್ರಿಯಾಪದ. ಎರಡನೆಯದು ಮುಖ್ಯ ಕ್ರಿಯೆಯ ಭೂತಕೃದಂತ. ಸಹಾಯಕ ಕ್ರಿಯಾಪದಗಳು ಎರಡೇ: 'ಆವ್ವಾರ್' ಮತ್ತು 'ಎತ್ರ್'. ಮೊದಲನೆಯದಕ್ಕೆ ತನ್ನಲ್ಲಿ ಹೊಂದಿರುವುದು ಎಂದೂ, ಎರಡನೆಯದಕ್ಕೆ ಇರುವುದು ಎಂದೂ ಮೂಲ ಅರ್ಥ.

'ಝೆ ಪಾರ್ಲೆ' ಎಂದರೆ 'ನಾನು ಮಾತನಾಡಿದೆನು'. ಇಲ್ಲಿ ಆವ್ವಾರ್ ಬಂದಿದೆ. 'ಝ ಸ್ವಿ ಆಲೆ' ಎಂದರೆ 'ನಾನು ಹೋದೆನು'; ಇಲ್ಲಿ ಎತ್ರ್ ಬಂದಿದೆ. ಬಹುಪಾಲು ಕ್ರಿಯಾಪದಗಳು ಆವ್ವಾರ್ ಪಕ್ಷಕ್ಕೆ ಸೇರುತ್ತವೆ. ಎತ್ರ್ ಪಕ್ಷದಲ್ಲಿರುವವು ಕೆಲವೇ. ಆದರೆ ಅವು ನಿತ್ಯ ಬಳಕೆಯವು.

ಭೂತಕೃದಂತಗಳಲ್ಲಿ ಕೆಲವು ನಿಯಮಬದ್ಧವಾಗಿವೆ. ಮಾರು ಎಂಬರ್ಥದ 'ವಾಂದ್ರ್' ಎಂಬುದು 'ವಾಂದ್ಯು' ಆಗುತ್ತದೆ. ಮತ್ತೆ ಕೆಲವು ನಿಯಮಕ್ಕೆ ಒಳಪಡುವುದಿಲ್ಲ. ನೋಡು ಎಂಬರ್ಥದ 'ವ್ವಾರ್' ಎಂಬುದು 'ವ್ಯು' ಆಗುತ್ತದೆ. ತೆಗೆದುಕೊಳ್ಳು ಎಂಬರ್ಥದ 'ಪ್ರಾಂದ್ರ್' ಎಂಬುದು 'ಪ್ರಿ' ಆಗುತ್ತದೆ. ಬರೆ ಎಂಬರ್ಥದ 'ಎಕ್ರೀರ್' ಎಂಬುದು 'ಎಕ್ರಿ' ಆಗುತ್ತದೆ. ಮಕ್ಕಳು ಈ ಪಟ್ಟಿಯನ್ನು ಕಂಡು ಬೆದರುತ್ತಾರೆ. ಕನ್ನಡದಲ್ಲಿಯೂ 'ಮಾಡು' ಎಂಬುದು 'ಮಾಡಿ' ಆದರೆ, 'ಕೊಡು' ಎಂಬುದು 'ಕೊಟ್ಟು', 'ಬೀಳು' ಎಂಬುದು 'ಬಿದ್ದು', 'ಬಾ' ಎಂಬುದು 'ಬಂದು', 'ಸಾಯು' ಎಂಬುದು 'ಸತ್ತು' ಆಗುತ್ತವೆಂಬುದನ್ನು ಅವರಿಗೆ ನೆನಪಿಸಬೇಕು. ಇದನ್ನು ಅವರು ಪಟ್ಟಿ ನೋಡಿ ಕಲಿತವರಲ್ಲ, ಆಡಿ ಆಡಿ ಕಲಿತವರು. ಫ್ರೆಂಚ್ ಪಟ್ಟಿಗೂ ಅದೇ ದಾರಿ.

ಕನ್ನಡದ 'ಇರು'

ಸಹಾಯಕ ಕ್ರಿಯಾಪದದಿಂದ ಭೂತಕಾಲವನ್ನು ಕಟ್ಟುವ ವಿಧಾನ ಕನ್ನಡಕ್ಕೆ ಹೊಸದಲ್ಲ. 'ಬಂದಿದ್ದಾನೆ' ಎಂಬ ಪದವನ್ನು ಬಿಡಿಸಿದರೆ 'ಬಂದು' ಮತ್ತು 'ಇದ್ದಾನೆ' ಎಂದಾಗುತ್ತದೆ. ಫ್ರೆಂಚಿನ 'ಇಲ್ ಎ ವನ್ಯು' ಎಂಬ ವಾಕ್ಯದಲ್ಲಿ 'ಎ' ಎಂಬುದು 'ಇದ್ದಾನೆ', 'ವನ್ಯು' ಎಂಬುದು 'ಬಂದು'. ಕನ್ನಡದಲ್ಲಿ ಸಹಾಯಕ ಪದ ಕೊನೆಗೆ ಬಂದು ಸಂಧಿಯಾಗುತ್ತದೆ; ಫ್ರೆಂಚಿನಲ್ಲಿ ಅದು ಮೊದಲು ಬಂದು ಬಿಡಿಯಾಗಿ ನಿಲ್ಲುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯಿಂದ ಬಂದ ಮನೆಗಳಲ್ಲಿ 'ಅವ ಬಂದಾನ, ಆಕಿ ಬಂದಾಳ' ಎನ್ನುತ್ತಾರೆ. ಸಹಾಯಕ ಪದ ಅಲ್ಲಿ ಇನ್ನಷ್ಟು ಕರಗಿದೆಯೇ ಹೊರತು ಇಲ್ಲವಾಗಿಲ್ಲ.

ಸಹಾಯಕ ಪದದ ಕಾಲವನ್ನು ಬದಲಿಸಿದರೆ ಇಡೀ ರೂಪದ ಕಾಲ ಬದಲಾಗುತ್ತದೆ. 'ಇಲ್ ಎತೆ ವನ್ಯು' ಎಂದರೆ 'ಬಂದಿದ್ದನು'. 'ಇಲ್ ಸರಾ ವನ್ಯು' ಎಂದರೆ 'ಬಂದಿರುತ್ತಾನೆ'. "ಇಷ್ಟು ಹೊತ್ತಿಗೆ ರೈಲು ಬಂದಿರುತ್ತದೆ" ಎಂದು ನಾವು ಊಹೆಯನ್ನು ಹೇಳುವಂತೆ ಫ್ರೆಂಚರೂ ಈ ಮೂರನೆಯ ರೂಪವನ್ನು ಊಹೆಗೆ ಬಳಸುತ್ತಾರೆ. ಆದ್ದರಿಂದ 'ಇದ್ದಾನೆ, ಇದ್ದನು, ಇರುತ್ತಾನೆ' ಎಂಬ ಮೂರು ರೂಪಗಳ ವ್ಯತ್ಯಾಸ ತಿಳಿದ ಮಗುವಿಗೆ ಫ್ರೆಂಚಿನ ಮೂರು ಸಂಯುಕ್ತ ಕಾಲಗಳನ್ನು ಒಂದೇ ಕುಳಿತದಲ್ಲಿ ವಿವರಿಸಬಹುದು.

ಆವ್ವಾರ್: ಕನ್ನಡದಲ್ಲಿಲ್ಲದ ಸಹಾಯಕ

ಕನ್ನಡದಲ್ಲಿ 'ಬಂದಿದ್ದೇನೆ' ಎನ್ನುವಂತೆಯೇ 'ತಿಂದಿದ್ದೇನೆ' ಎಂದೂ ಹೇಳುತ್ತೇವೆ. ಎಲ್ಲ ಕ್ರಿಯೆಗಳಿಗೂ 'ಇರು' ಒಂದೇ ಸಹಾಯಕ. ಹೊಂದಿರುವುದನ್ನು ಹೇಳಲು ಸಹ ನಮಗೆ 'ಇರು' ಸಾಕು: 'ನನಗೆ ಇಬ್ಬರು ಮಕ್ಕಳಿದ್ದಾರೆ', 'ನನ್ನ ಬಳಿ ಪುಸ್ತಕವಿದೆ'. 'ಹೊಂದು' ಎಂಬ ಕ್ರಿಯಾಪದ ಗ್ರಂಥಭಾಷೆಯಲ್ಲಿ ಉಂಟಾದರೂ ಮನೆಯ ಮಾತಿನಲ್ಲಿ ಅಪರೂಪ. ಹೀಗಾಗಿ ಕನ್ನಡದ ಮಗು ಎಲ್ಲೆಡೆಯೂ ಎತ್ರ್ ಬಳಸುವ ಸಂಭವ ಹೆಚ್ಚು. 'ತಿಂದಿದ್ದೇನೆ' ಎನ್ನಲು ಹೋಗಿ 'ಝ ಸ್ವಿ ಮಾಂಝೆ' ಎಂದರೆ 'ನನ್ನನ್ನು ಯಾರೋ ತಿಂದಿದ್ದಾರೆ' ಎಂಬ ಅರ್ಥ ಬಂದುಬಿಡುತ್ತದೆ! ಸರಿಯಾದ ರೂಪ 'ಝೆ ಮಾಂಝೆ'.

ಆವ್ವಾರ್ ಇಲ್ಲಿಗೆ ಬಂದುದು ಹೇಗೆ? ಫ್ರೆಂಚಿನ ತಾಯಿಯಾದ ಲ್ಯಾಟಿನ್ ಭಾಷೆಯಲ್ಲಿ 'ಬರೆದ ಪತ್ರಗಳನ್ನು ನನ್ನಲ್ಲಿ ಇಟ್ಟುಕೊಂಡಿದ್ದೇನೆ' ಎಂಬ ಬಗೆಯ ವಾಕ್ಯವಿತ್ತು. ಕಾಲಕ್ರಮದಲ್ಲಿ ಇಟ್ಟುಕೊಂಡಿರುವ ಅರ್ಥ ಸವೆದು 'ಪತ್ರಗಳನ್ನು ಬರೆದಿದ್ದೇನೆ' ಎಂಬ ಅರ್ಥ ಮಾತ್ರ ಉಳಿಯಿತು. ಕನ್ನಡದಲ್ಲಿ 'ಅಡುಗೆ ಮಾಡಿಟ್ಟಿದ್ದೇನೆ', 'ಲೆಕ್ಕ ಬರೆದಿಟ್ಟಿದ್ದೇನೆ' ಎನ್ನುವಾಗ 'ಇಡು' ಎಂಬ ಪದ ಮಾಡುವ ಕೆಲಸ ಇದಕ್ಕೆ ಸಮೀಪದ್ದು. ಮುಗಿಸಿದ ಕೆಲಸದ ಫಲ ಕೈಯಲ್ಲಿದೆ ಎಂಬ ಭಾವ ಎರಡರಲ್ಲಿಯೂ ಇದೆ. ತಿನ್ನು, ಬರೆ, ನೋಡು, ಕೊಳ್ಳು ಮೊದಲಾದ ಸಕರ್ಮಕ ಕ್ರಿಯೆಗಳೆಲ್ಲ ಆವ್ವಾರ್ ಪಕ್ಷದಲ್ಲಿರುವುದಕ್ಕೆ ಇದೇ ಕಾರಣ.

ಎತ್ರ್: ವಾಡೆಯೊಂದರ ಚಿತ್ರ

ಎತ್ರ್ ಪಡೆಯುವ ಕ್ರಿಯೆಗಳನ್ನು ನೆನಪಿಡಲು ಇಂಗ್ಲಿಷ್ ಮಾಧ್ಯಮದ ಮಕ್ಕಳು 'ಡಾಕ್ಟರ್ ಅಂಡ್ ಮಿಸೆಸ್ ವ್ಯಾಂಡರ್‌ಟ್ರಾಂಪ್' ಎಂಬ ಅಕ್ಷರಮಾಲೆಯನ್ನು ಬಾಯಿಪಾಠ ಮಾಡುವುದುಂಟು. ಅರ್ಥವಿಲ್ಲದ ಆ ಹೆಸರಿಗಿಂತ ಒಂದು ಮನೆಯ ಚಿತ್ರ ಮೇಲು. ಫ್ರೆಂಚ್ ಶಿಕ್ಷಕರೂ 'ಎತ್ರ್ ಮನೆ' ಎಂಬ ಚಿತ್ರವನ್ನು ಬಳಸುತ್ತಾರೆ. ಪುಣೆಯ ಪೇಠೆಗಳಲ್ಲಿನ ಹಳೆಯ ವಾಡೆಯೊಂದನ್ನು ಕಣ್ಣ ಮುಂದೆ ತಂದುಕೊಂಡರೆ ಚಿತ್ರ ನಮ್ಮದೇ ಆಗುತ್ತದೆ.

ಹೆಬ್ಬಾಗಿಲಿಗೆ ಒಬ್ಬರು ಬರುತ್ತಾರೆ (ವನೀರ್), ತಲುಪುತ್ತಾರೆ (ಆರಿವೆ), ಒಳಹೋಗುತ್ತಾರೆ (ಆಂತ್ರೆ). ಮರದ ಮೆಟ್ಟಿಲ ಮೇಲೆ ಏರುತ್ತಾರೆ (ಮೋಂತೆ), ಇಳಿಯುತ್ತಾರೆ (ದೆಸಾಂದ್ರ್), ಕೆಲವೊಮ್ಮೆ ಬೀಳುತ್ತಾರೆ (ತೋಂಬೆ). ಮಾಳಿಗೆಯ ಕೋಣೆಯಲ್ಲಿ ಒಬ್ಬರು ಹುಟ್ಟುತ್ತಾರೆ (ನೇತ್ರ್), ಇನ್ನೊಬ್ಬರು ಸಾಯುತ್ತಾರೆ (ಮೂರೀರ್), ಮತ್ತೊಬ್ಬರು ಅಲ್ಲಿಯೇ ಉಳಿಯುತ್ತಾರೆ (ರೆಸ್ತೆ). ಚೌಕವನ್ನು ಹಾದುಹೋಗುತ್ತಾರೆ (ಪಾಸೆ), ಹೊರಬರುತ್ತಾರೆ (ಸೋರ್ತೀರ್), ಹೊರಡುತ್ತಾರೆ (ಪಾರ್ತೀರ್), ಹೋಗುತ್ತಾರೆ (ಆಲೆ), ಮತ್ತೆ ಹಿಂತಿರುಗುತ್ತಾರೆ (ರತೂರ್ನೆ). ಆಗು ಎಂಬರ್ಥದ 'ದವನೀರ್', ಮರಳಿ ಬಾ ಎಂಬರ್ಥದ 'ರವನೀರ್', ಮನೆಗೆ ಮರಳು ಎಂಬರ್ಥದ 'ರಾಂತ್ರೆ' ಇವೂ ಇದೇ ಬಳಗದವು.

ಇವೆಲ್ಲ ಒಂದು ಸ್ಥಾನದಿಂದ ಇನ್ನೊಂದಕ್ಕೆ ಅಥವಾ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ಕ್ರಿಯೆಗಳು. 'ಉಳಿ' ಒಂದು ಮಾತ್ರ ದಾಟದೆ ನಿಲ್ಲುವಂಥದು. ಹಾಗೆಂದು ಚಲನೆಯನ್ನು ಸೂಚಿಸುವ ಎಲ್ಲ ಕ್ರಿಯೆಗಳೂ ಇಲ್ಲಿಗೆ ಸೇರುವುದಿಲ್ಲ. ನಡೆ, ಓಡು, ಪ್ರಯಾಣ ಮಾಡು ಎಂಬರ್ಥದ ಕ್ರಿಯೆಗಳು ಆವ್ವಾರ್ ಪಕ್ಷದವು. ಎತ್ರ್ ತಾನೇ ಭೂತಕಾಲಕ್ಕೆ ಬಂದಾಗ ಸಹ ಆವ್ವಾರ್ ಪಡೆಯುತ್ತದೆ: 'ಝೆ ಎತೆ'.

ಇಳಿದೆನು, ಇಳಿಸಿದೆನು

ಮೇಲಿನ ಬಳಗದ ಕೆಲವು ಕ್ರಿಯೆಗಳು ಕರ್ಮಪದ ಬಂದೊಡನೆ ಪಕ್ಷ ಬದಲಿಸುತ್ತವೆ. 'ಝ ಸ್ವಿ ದೆಸಾಂದ್ಯು' ಎಂದರೆ 'ನಾನು ಇಳಿದೆನು'. 'ಝೆ ದೆಸಾಂದ್ಯು ಲೆ ವಾಲೀಜ್' ಎಂದರೆ 'ನಾನು ಪೆಟ್ಟಿಗೆಗಳನ್ನು ಇಳಿಸಿದೆನು'. ಇಂಗ್ಲಿಷಿನ ಮೂಲಕ ಇದನ್ನು ವಿವರಿಸುವುದು ಕಷ್ಟ. ಕನ್ನಡದಲ್ಲಿ ಇಳಿ ಮತ್ತು ಇಳಿಸು, ಏರು ಮತ್ತು ಏರಿಸು ಎಂಬ ಜೋಡಿಗಳು ಮಗುವಿಗೆ ಮೊದಲೇ ತಿಳಿದಿವೆ. ನಾವು 'ಇಸು' ಪ್ರತ್ಯಯದಿಂದ ತೋರಿಸುವ ವ್ಯತ್ಯಾಸವನ್ನು ಫ್ರೆಂಚರು ಸಹಾಯಕ ಪದವನ್ನು ಬದಲಿಸಿ ತೋರಿಸುತ್ತಾರೆ. ಆದರೆ 'ಮೆಟ್ಟಿಲು ಹತ್ತಿದೆನು' ಎಂಬಲ್ಲಿ ನಮಗೆ 'ಇಸು' ಬೇಕಿಲ್ಲದಿದ್ದರೂ ಮೆಟ್ಟಿಲು ಕರ್ಮಪದವಾದುದರಿಂದ ಫ್ರೆಂಚಿನಲ್ಲಿ ಆವ್ವಾರ್ ಬರುತ್ತದೆ. 'ಪುಣೆಯಲ್ಲಿ ಎರಡು ದಿನ ಕಳೆದೆನು' ಎಂಬಲ್ಲಿಯೂ ಹಾಗೆಯೇ.

'ಕೊಳ್ಳು' ಎಂಬ ಉಪಕಾರಿ

ಕರ್ತೃವಿನ ಕ್ರಿಯೆ ಕರ್ತೃವಿಗೇ ಮರಳುವ ಕ್ರಿಯಾಪದಗಳಿಗೆ ಫ್ರೆಂಚಿನಲ್ಲಿ 'ಸ' ಎಂಬ ಸರ್ವನಾಮ ಅಂಟಿಕೊಂಡಿರುತ್ತದೆ. ಅವೆಲ್ಲವೂ ವಿನಾಯಿತಿಯಿಲ್ಲದೆ ಎತ್ರ್ ಪಡೆಯುತ್ತವೆ. 'ಕುಳಿತುಕೊಳ್ಳು', 'ಮಲಗಿಕೊಳ್ಳು', 'ತೊಳೆದುಕೊಳ್ಳು', 'ನೆನಪಿಸಿಕೊಳ್ಳು' ಎಂಬ ಕನ್ನಡ ಪದಗಳಿಗೆ ಸಮನಾದ ಫ್ರೆಂಚ್ ಪದಗಳೆಲ್ಲ ಈ ವರ್ಗದವು. 'ಕೊಳ್ಳು' ಎಂಬ ಒಂದು ಪದ ನಮ್ಮಲ್ಲಿ ಮಾಡುವ ಕೆಲಸವನ್ನು ಅಲ್ಲಿ 'ಸ' ಮಾಡುತ್ತದೆ. ಕುಳಿತುಕೊಳ್ಳುವುದರಲ್ಲಿ 'ತನ್ನನ್ನು ತಾನು' ಎಂಬುದು ಎಲ್ಲಿಂದ ಬಂತು ಎಂದು ಇಂಗ್ಲಿಷ್ ಮಾತ್ರ ಬಲ್ಲ ಮಗು ಬೆರಗಾಗುತ್ತದೆ; ಕನ್ನಡದ ಮಗುವಿಗೆ ಆ ಬೆರಗಿನ ಅಗತ್ಯವಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. 'ಕಲಿತುಕೊಳ್ಳು', 'ತೆಗೆದುಕೊಳ್ಳು' ಎಂಬವುಗಳ ಫ್ರೆಂಚ್ ಪದಗಳಿಗೆ 'ಸ' ಇಲ್ಲ. ಅವು ಆವ್ವಾರ್ ಪಡೆಯುತ್ತವೆ.

ಹೊಂದಾಣಿಕೆ: ಮರಾಠಿಯ ನೆರವು

ಇನ್ನು ಉಳಿದುದು ಕೃದಂತದ ಕೊನೆಯ ಅಕ್ಷರಗಳ ಪ್ರಶ್ನೆ. ಸ್ತ್ರೀಲಿಂಗಕ್ಕೆ ಒಂದು 'ಇ' ಅಕ್ಷರ, ಬಹುವಚನಕ್ಕೆ ಒಂದು 'ಎಸ್' ಅಕ್ಷರ ಸೇರುತ್ತದೆ. ಯಾವಾಗ ಸೇರುತ್ತದೆ ಎಂಬುದಕ್ಕೆ ಮುಖ್ಯವಾಗಿ ಎರಡು ನಿಯಮಗಳಿವೆ.

ಮೊದಲನೆಯದಾಗಿ, ವಾಡೆಯ ಬಳಗದ ಕ್ರಿಯೆಗಳಲ್ಲಿ ಕೃದಂತವು ಕರ್ತೃವಿಗೆ ಹೊಂದುತ್ತದೆ. 'ಅವನು ಸತ್ತನು' ಎಂಬುದು 'ಇಲ್ ಎ ಮೋರ್'; 'ಅವಳು ಸತ್ತಳು' ಎಂಬುದು 'ಎಲ್ ಎ ಮೋರ್ತ್'. ಆ ಬಳಗದಲ್ಲಿ ಕಿವಿಗೆ ಕೇಳಿಸುವ ವ್ಯತ್ಯಾಸ ಇದೊಂದೇ. ಉಳಿದ ಕ್ರಿಯೆಗಳಲ್ಲಿ ಅಕ್ಷರ ಬರವಣಿಗೆಯಲ್ಲಿ ಮಾತ್ರ ಕಾಣುವುದರಿಂದ ಮಕ್ಕಳು ಅದನ್ನು ಬಿಟ್ಟುಬಿಡುತ್ತಾರೆ, ಅಂಕಗಳನ್ನೂ ಕಳೆದುಕೊಳ್ಳುತ್ತಾರೆ.

ಎರಡನೆಯದಾಗಿ, ಆವ್ವಾರ್ ಬಂದಾಗ ಕೃದಂತವು ಕರ್ತೃವಿಗೆ ಹೊಂದುವುದಿಲ್ಲ. ಕರ್ಮಪದವು ಕ್ರಿಯೆಗಿಂತ ಮೊದಲು ಬಂದಿದ್ದರೆ ಆ ಕರ್ಮಕ್ಕೆ ಹೊಂದುತ್ತದೆ. 'ಝೆ ಎಕ್ರಿ ಲಾ ಲೆತ್ರ್' ಎಂದರೆ 'ನಾನು ಪತ್ರವನ್ನು ಬರೆದೆನು'. ಪತ್ರ ನಂತರ ಬಂದುದರಿಂದ ಬದಲಾವಣೆಯಿಲ್ಲ. 'ಲಾ ಲೆತ್ರ್ ಕ ಝೆ ಎಕ್ರೀತ್' ಎಂದರೆ 'ನಾನು ಬರೆದ ಪತ್ರ'. ಇಲ್ಲಿ ಪತ್ರ ಮೊದಲು ಬಂದಿದೆ, ಅದು ಫ್ರೆಂಚಿನಲ್ಲಿ ಸ್ತ್ರೀಲಿಂಗ, ಆದ್ದರಿಂದ 'ಎಕ್ರಿ' ಎಂಬುದು 'ಎಕ್ರೀತ್' ಆಯಿತು.

ಬರೆದವನು ಗಂಡಾದರೂ ಕ್ರಿಯೆ ಹೆಣ್ಣಾಗುವುದು ಕನ್ನಡಕ್ಕೆ ವಿಚಿತ್ರವೇ ಸರಿ. ನಮ್ಮಲ್ಲಿ ಕ್ರಿಯಾಪದ ಕರ್ತೃವನ್ನು ಬಿಟ್ಟು ಕರ್ಮದ ಹಿಂದೆ ಹೋಗುವುದಿಲ್ಲ. ಆದರೆ ಪುಣೆಯ ಮಗು ಮರಾಠಿಯನ್ನೂ ಬಲ್ಲದು. 2020ರ ಕಾಯಿದೆಯ ಪ್ರಕಾರ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ ವಿಷಯವಾಗಿದೆ. 'ತ್ಯಾನೇ ನಿಬಂಧ ಲಿಹಿಲಾ', 'ತ್ಯಾನೇ ಚಿಠ್ಠೀ ಲಿಹಿಲೀ' ಎಂಬ ವಾಕ್ಯಗಳಲ್ಲಿ ಬರೆದವನು ಒಬ್ಬನೇ. ಪ್ರಬಂಧ ಪುಲ್ಲಿಂಗ, ಪತ್ರ ಸ್ತ್ರೀಲಿಂಗ ಎಂಬ ಕಾರಣದಿಂದ ಕ್ರಿಯೆ ಬದಲಾಗಿದೆ. 'ತೋ ಆಲಾ, ತೀ ಆಲೀ' ಎಂಬಲ್ಲಿ ಮಾತ್ರ ಕ್ರಿಯೆ ಕರ್ತೃವಿಗೆ ಹೊಂದಿದೆ. ಮರಾಠಿ ವ್ಯಾಕರಣದಲ್ಲಿ ಇವುಗಳಿಗೆ ಕರ್ಮಣಿ ಪ್ರಯೋಗ, ಕರ್ತರಿ ಪ್ರಯೋಗ ಎಂದು ಹೆಸರು. ಫ್ರೆಂಚಿನ ಎರಡು ನಿಯಮಗಳು ಬಹುಮಟ್ಟಿಗೆ ಇವೇ. ಮರಾಠಿಯಲ್ಲಿ ಕರ್ಮಪದ ಎಲ್ಲಿದ್ದರೂ ಹೊಂದಾಣಿಕೆಯಾಗುತ್ತದೆ, ಫ್ರೆಂಚಿನಲ್ಲಿ ಅದು ಮೊದಲು ಬಂದಿರಬೇಕು ಎಂಬುದೊಂದೇ ಮುಖ್ಯ ಅಂತರ.

'ಸ' ಸೇರಿದ ಕ್ರಿಯೆಗಳಿಗೂ ಈ ಎರಡನೆಯ ನಿಯಮವನ್ನೇ ಅನ್ವಯಿಸಬೇಕು. 'ಅವಳು ತನ್ನನ್ನು ತೊಳೆದುಕೊಂಡಳು' ಎಂಬಲ್ಲಿ 'ತನ್ನನ್ನು' ಕರ್ಮ, ಅದು ಮೊದಲು ಬಂದಿದೆ, ಹೊಂದಾಣಿಕೆ ಉಂಟು. 'ಅವಳು ಕೈಗಳನ್ನು ತೊಳೆದುಕೊಂಡಳು' ಎಂಬಲ್ಲಿ ಕೈಗಳು ಕರ್ಮ, ಫ್ರೆಂಚಿನಲ್ಲಿ ಅವು ಕ್ರಿಯೆಯ ನಂತರ ಬರುತ್ತವೆ, ಹೊಂದಾಣಿಕೆ ಇಲ್ಲ.

ಕರ್ಮದೊಡನೆ ಹೊಂದಿಸುವ ಈ ನಿಯಮವನ್ನು 16ನೆಯ ಶತಮಾನದಲ್ಲಿ ಕ್ಲೆಮಾಂ ಮಾರೋ ಎಂಬ ಕವಿ ಇಟಲಿಯ ಮಾದರಿಯನ್ನು ತೋರಿಸಿ ಪ್ರತಿಪಾದಿಸಿದನು. ಫ್ರೆಂಚರ ಮಕ್ಕಳಿಗೂ ಅದು ಇಂದಿಗೂ ಕಠಿಣವೇ. ಆವ್ವಾರ್ ಬಂದಲ್ಲಿ ಹೊಂದಾಣಿಕೆಯನ್ನೇ ಕೈಬಿಡಬೇಕೆಂದು 2018ರಲ್ಲಿ ಬೆಲ್ಜಿಯಂನ ಇಬ್ಬರು ಮಾಜಿ ಶಿಕ್ಷಕರು ಪತ್ರಿಕೆಯಲ್ಲಿ ಬರೆದಾಗ ದೊಡ್ಡ ಚರ್ಚೆಯೇ ನಡೆಯಿತು. ಪರೀಕ್ಷೆ ಬರೆಯುವವರು ಹಳೆಯ ನಿಯಮವನ್ನೇ ಪಾಲಿಸುವುದು ಕ್ಷೇಮ.

ನಿಷೇಧ ಮತ್ತು ಅರ್ಥವ್ಯಾಪ್ತಿ

ನಿಷೇಧಾರ್ಥದಲ್ಲಿ 'ನ' ಮತ್ತು 'ಪಾ' ಎಂಬ ಪದಗಳು ಸಹಾಯಕ ಕ್ರಿಯಾಪದವನ್ನು ಮಾತ್ರ ಸುತ್ತುವರಿಯುತ್ತವೆ; ಕೃದಂತ ಹೊರಗೆ ಉಳಿಯುತ್ತದೆ: 'ಝ ನೆ ಪಾ ಮಾಂಝೆ'. ಇಲ್ಲಿ 'ನ' ಮತ್ತು 'ಎ' ಸೇರಿ 'ನೆ' ಆಗಿದೆ. ಕನ್ನಡದ 'ತಿಂದಿಲ್ಲ' ಎಂಬುದನ್ನು ಬಿಡಿಸಿದರೆ 'ತಿಂದು' ಹಾಗೂ 'ಇಲ್ಲ'. ನಿಷೇಧ ಬೀಳುವುದು 'ಇರು' ಇದ್ದ ಜಾಗದ ಮೇಲೆಯೇ. 'ತಿಂದು' ಬದಲಾಗದೆ ನಿಲ್ಲುತ್ತದೆ.

ಅರ್ಥದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ರಚನೆಯಲ್ಲಿ 'ಬಂದಿದ್ದಾನೆ' ಎಂಬುದನ್ನು ಹೋಲುವ ಈ ಕಾಲವು ಅರ್ಥದಲ್ಲಿ 'ಬಂದನು' ಎಂಬುದನ್ನೂ ಒಳಗೊಳ್ಳುತ್ತದೆ. 'ನಿನ್ನೆ ಬಂದನು' ಎನ್ನಲೂ ಇದೇ ರೂಪ. ಸಹಾಯಕ ಪದವಿಲ್ಲದ 'ಪಾಸೆ ಸ್ಯಾಂಪ್ಲ್' ಎಂಬ ಸರಳ ಭೂತಕಾಲ ಫ್ರೆಂಚಿನಲ್ಲಿ ಇದ್ದರೂ ಅದು ಇಂದು ಬಹುತೇಕ ಗ್ರಂಥಗಳಿಗೆ ಸೀಮಿತವಾಗಿದೆ. ಆಲ್ಬೇರ್ ಕಮೂ 1942ರ ತನ್ನ 'ಲೆತ್ರಾಂಝೆ' ಕಾದಂಬರಿಯಲ್ಲಿ ಆ ಗ್ರಂಥರೂಪವನ್ನು ಬಿಟ್ಟು ಸಂಯುಕ್ತ ಭೂತಕಾಲದಲ್ಲಿಯೇ ಕಥೆ ಹೇಳಿಸಿದ್ದು ಅಂದಿನ ಓದುಗರಿಗೆ ಹೊಸದಾಗಿ ಕಂಡಿತ್ತು. ಇನ್ನು 'ಬರುತ್ತಿದ್ದನು' ಎಂಬ ನಡೆಯುತ್ತಿದ್ದ ಕ್ರಿಯೆಗೆ 'ಆಂಪಾರ್ಫೆ' ಎಂಬ ಬೇರೆಯ ಕಾಲವೇ ಉಂಟು. ಕನ್ನಡದಲ್ಲಿ 'ಉತ್ತಿದ್ದ' ಎಂದು ಬಂದರೆ ಆ ಕಾಲವನ್ನು ಬಳಸಬೇಕೆಂಬುದು ಸುಲಭದ ಗುರುತು.

ಸಿಂಹಗಡದಲ್ಲಿ ಒಂದು ದಿನ

ಮೇಲಿನ ನಿಯಮಗಳನ್ನು ಒಂದು ಚಿಕ್ಕ ದಿನಚರಿಯಲ್ಲಿ ಪರೀಕ್ಷಿಸಬಹುದು. ಮಗು ಮೊದಲು ಕನ್ನಡದಲ್ಲಿ ಹೇಳಲಿ, ಆನಂತರ ಫ್ರೆಂಚಿನಲ್ಲಿ ಬರೆಯಲಿ.

1. ನಾವು ಸಿಂಹಗಡಕ್ಕೆ ಹೋದೆವು: ನೂ ಸೊಮ್ ಆಲೆ. ವಾಡೆಯ ಬಳಗ, ಎತ್ರ್.
2. ಬಹಳ ನಡೆದೆವು: ನೂಜ್ ಆವೋಂ ಮಾರ್ಶೆ. ಚಲನೆಯಾದರೂ ಬಳಗಕ್ಕೆ ಸೇರದು, ಆವ್ವಾರ್.
3. ಕೋಟೆಗೆ ಏರಿದೆವು: ನೂ ಸೊಮ್ ಮೋಂತೆ. ಎತ್ರ್.
4. ದಣಿವಾರಿಸಿಕೊಂಡೆವು: ನೂ ನೂ ಸೊಮ್ ರಪೋಜೆ. 'ಕೊಳ್ಳು' ಇದೆ, 'ನಾವು' ಕರ್ತೃವಾದುದರಿಂದ 'ಸ' ಬದಲು 'ನೂ' ಬಂದಿದೆ, ಎತ್ರ್.
5. ಪಿಠಲ, ಭಾಕರಿ ತಿಂದೆವು: ನೂಜ್ ಆವೋಂ ಮಾಂಝೆ. ಸಕರ್ಮಕ, ಆವ್ವಾರ್.
6. ಮಜ್ಜಿಗೆ ಕುಡಿದೆವು: ನೂಜ್ ಆವೋಂ ಬ್ಯು. ಆವ್ವಾರ್.
7. ಸಂಜೆ ಇಳಿದೆವು: ನೂ ಸೊಮ್ ದೆಸಾಂದ್ಯು. ಎತ್ರ್.

1, 3, 4, 7ನೆಯ ವಾಕ್ಯಗಳಲ್ಲಿ 'ನಾವು' ಬಹುವಚನವಾದುದರಿಂದ ಕೃದಂತದ ಕೊನೆಗೆ 'ಎಸ್' ಬರೆಯಬೇಕು. ಹೋದವರೆಲ್ಲ ಹೆಣ್ಣುಮಕ್ಕಳಾಗಿದ್ದರೆ ಅದರ ಹಿಂದೆ 'ಇ' ಸಹ ಬೇಕು.

ಹೆತ್ತವರು ಕೇಳಬಹುದಾದ ನಾಲ್ಕು ಪ್ರಶ್ನೆಗಳು

ಫ್ರೆಂಚ್ ಬಾರದ ತಾಯಿತಂದೆಯರೂ, ಅಜ್ಜಅಜ್ಜಿಯರೂ ಮಗುವಿನ ಪಕ್ಕದಲ್ಲಿ ಕುಳಿತು ಈ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಬಹುದು. ಕ್ರಿಯೆ ವಾಡೆಯ ಬಳಗದ್ದೇ? ಅದರಲ್ಲಿ 'ಕೊಳ್ಳು' ಇದೆಯೇ, ಫ್ರೆಂಚಿನಲ್ಲಿ 'ಸ' ಉಂಟೇ? 'ಏನನ್ನು' ಎಂಬ ಪ್ರಶ್ನೆಗೆ ಉತ್ತರವಾಗುವ ಕರ್ಮಪದ ಇದೆಯೇ? ಇದ್ದರೆ ಅದು ಕ್ರಿಯೆಗಿಂತ ಮೊದಲು ಬಂದಿದೆಯೇ? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಸಹಾಯಕ ಪದವೂ ಕೊನೆಯ ಅಕ್ಷರಗಳೂ ಬಹುಪಾಲು ಇತ್ಯರ್ಥವಾಗುತ್ತವೆ. ಜರ್ಮನ್ ಆರಿಸಿಕೊಂಡ ಮಕ್ಕಳಿಗೂ ಇದರಿಂದ ಪ್ರಯೋಜನವಿದೆ. ಆ ಭಾಷೆಯಲ್ಲಿಯೂ ಇದೇ ಅರ್ಥದ ಎರಡು ಸಹಾಯಕ ಪದಗಳಿವೆ. ಆದರೆ ಅಲ್ಲಿ ಕೃದಂತದ ಹೊಂದಾಣಿಕೆಯಿಲ್ಲ, ನಡೆ ಮತ್ತು ಓಡು ಎಂಬ ಕ್ರಿಯೆಗಳೂ 'ಇರು' ಪಕ್ಷಕ್ಕೆ ಸೇರುತ್ತವೆ.

ಶಾಲೆಯಲ್ಲಿ ನಾಲ್ಕು ಭಾಷೆಗಳ ಹೊರೆ ಇರುವಾಗ ಮನೆಯ ಕನ್ನಡವನ್ನು ಐದನೆಯ ಹೊರೆಯೆಂದು ಭಾವಿಸಿ ಕೆಳಗಿಳಿಸುವ ಮನೆಗಳು ನಮ್ಮ ನಡುವೆ ಇವೆ. ಸಕರ್ಮಕ, ಅಕರ್ಮಕ, ಇಳಿ, ಇಳಿಸು, ಬಂದಿದ್ದಾನೆ, ಬಂದಿಲ್ಲ ಎಂಬ ಭೇದಗಳನ್ನು ಮಗು ಮೊದಲು ಅರಿತದ್ದು ಆ ಭಾಷೆಯಲ್ಲಿಯೇ. ಅದನ್ನು ಉಳಿಸಿಕೊಂಡ ಮಗುವಿಗೆ ಮುಂದಿನ ಭಾಷೆಗಳ ಎಷ್ಟೋ ನಿಯಮಗಳು ಅರ್ಧ ಪರಿಚಯದವೇ ಆಗಿರುತ್ತವೆ. ಆದಕಾರಣ ಫ್ರೆಂಚ್ ಪರೀಕ್ಷೆಯ ಹಿಂದಿನ ವಾರ ಮನೆಯಲ್ಲಿ ಕನ್ನಡ ಮಾತನಾಡುವುದನ್ನು ಕಡಿಮೆ ಮಾಡುವ ಅಗತ್ಯವಿಲ್ಲ. ದಿನಕ್ಕೆ ಹತ್ತು ವಾಕ್ಯಗಳಂತೆ ಆ ದಿನ ನಡೆದುದನ್ನು ಮೊದಲು ಕನ್ನಡದಲ್ಲಿ ಹೇಳಿಸಿ, ನಂತರ ಫ್ರೆಂಚಿನಲ್ಲಿ ಬರೆಸಿದರೆ ಎರಡೂ ಭಾಷೆಗಳ ಅಭ್ಯಾಸ ಒಟ್ಟಿಗೆ ಆಗುತ್ತದೆ.